ಹೊಸತೊಡಕಿನ ಪಣ

2025ರ ಯುಗಾದಿಯ ಮರುದಿನ, ಹೊಸತೊಡಕಿನ ಮಧ್ಯಾಹ್ನ, ಸುಗಟೂರಿನ ನಮ್ಮ ಮನೆಯ ಜಗಲಿಯಲ್ಲಿ ನನ್ನ ಗಂಡ ಇಸ್ಪೀಟಾಟಕ್ಕೆ ನನ್ನ ಹಸುವನ್ನು ಪಣ ಇಟ್ಟರು.

ತವರಿನಿಂದ ಕರುವಾಗಿ ಬಂದ ಹಸು. ಆಗ ಗಬ್ಬವಾಗಿತ್ತು. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ವೇಮಗಲ್ ಕಾರ್ಖಾನೆಗೆ ಹೋಗುವ ಗಂಡ ಫೋನಿನಲ್ಲಿ ಪಾಠ ನೋಡಿ ಪೋಕರ್ ಕಲಿತಿದ್ದರು. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಕಾಣುವ ಐದು. ಬೇಕಾದ ಎಲೆ ಬರುವ ಸಂಭವ ಎಷ್ಟು, ಕೈ ಖಾಲಿಯಿದ್ದಾಗಲೂ ದೊಡ್ಡ ಪಣ ಹೂಡಿ ಎದುರಿನವರನ್ನು ಯಾವಾಗ ಹೆದರಿಸಬೇಕು, ಎಲ್ಲಕ್ಕೂ ಲೆಕ್ಕವಿತ್ತು. ಎದುರಿಗೆ ಕೂರಲು ಯಾರೂ ಇಲ್ಲದ್ದರಿಂದ ಹುಣಸೆಬೀಜ ಹಂಚಿಕೊಂಡು ನಾನೇ ಕೂರುತ್ತಿದ್ದೆ. ಲೆಕ್ಕ ನನಗೂ ಬಂತು. ಮುಳಬಾಗಿಲಿನ ನನ್ನ ಸೋದರಮಾವ ಬಂದಾಗಲೆಲ್ಲ ಗಂಡ ಅವರೊಂದಿಗೂ ಆಡುತ್ತಿದ್ದರು. ದೊಡ್ಡ ಪಣ ಕಂಡರೆ ಮಾವ ಮೂರರಲ್ಲಿ ಎರಡು ಸಲ ಎಲೆ ಬಿಸಾಕಿ ಸೋಲೊಪ್ಪುತ್ತಾರೆ ಎಂದು ಗಂಡ ಗುರುತು ಹಿಡಿದಿದ್ದರು. ಅದು ನಿಜವೂ ಆಗಿತ್ತು.

ಆ ದಿನವೂ ಮಾವ ಬಂದು ಆಟಕ್ಕೆ ಕೂತಿದ್ದರು. ನಾಟಿಕೋಳಿ, ರಾಗಿ ಮೂಟೆ ಪಣಕ್ಕೆ ಬಂದು ಹೋಗಿದ್ದವು. ಕಾಫಿ ತಂದು ಗಂಡನ ಬೆನ್ನ ಹಿಂದೆ ನಿಂತಾಗ ಅವರ ಎಲೆಗಳು ಕಂಡವು. ಎರಡೂ ಕಳಾವರ್. ನಡುವೆ ಅಲ್ಲಿಯವರೆಗೆ ಬಿಚ್ಚಿದ್ದ ನಾಲ್ಕರಲ್ಲಿ ಇನ್ನೆರಡು ಕಳಾವರ್. ಇನ್ನೊಂದು ಬಂದರೆ ಐದೂ ಒಂದೇ ಜಾತಿಯಾಗಿ ಗೆಲುವು ಹತ್ತಿರ. ಸಂಭವ ಸುಮಾರು ಐದರಲ್ಲಿ ಒಂದು. ಕೊನೆಯ ಎಲೆಯಾಗಿ ಬಂದದ್ದು ಆಟೀನು. ಕೈಯಲ್ಲಿ ಏನೂ ಉಳಿಯಲಿಲ್ಲ.

ಆಗ ಅವರು, ನಮ್ಮ ಹಸು ಪಣ, ಮಾವ ತಮ್ಮ ಹಸುಗಳಲ್ಲಿ ಒಂದನ್ನು ಇಡಲಿ, ಇಲ್ಲವೇ ಎಲೆ ಬಿಸಾಕಲಿ ಎಂದರು.

ಕಾಫಿ ಕೊಡದೆ ತಟ್ಟೆ ಹಿಡಿದು ನಿಂತೇ ಇದ್ದೆ. ಪಾಠದ ಪ್ರಕಾರ ಅವರು ಹೂಡಿದ್ದು ಸರಿ. ಆದರೆ ನನ್ನ ತವರಿನ ಕಡೆ ಹೊಸತೊಡಕಿನ ದಿನ ಯಾರೂ ಎಲೆ ಬಿಸಾಕುವುದಿಲ್ಲ. ಅಂದು ಬಿಟ್ಟುಕೊಟ್ಟವನು ವರ್ಷವಿಡೀ ಬಿಟ್ಟುಕೊಡುತ್ತಾನೆ ಎಂಬ ನಂಬಿಕೆ. ಗಂಡ ಗುರುತು ಹಿಡಿದದ್ದೆಲ್ಲ ಬೇರೆ ದಿನಗಳ ಆಟ. ಬಾಯಿಬಿಟ್ಟರೆ ಅವರ ಕೈ ಖಾಲಿ ಎಂದು ನಾನೇ ಹೇಳಿದಂತಾಗುತ್ತಿತ್ತು. ಕೊಟ್ಟಿಗೆಯಲ್ಲಿ ಹಸು ಗೂಟಕ್ಕೆ ಮೈ ತಿಕ್ಕುವ ಸದ್ದು ಕೇಳುತ್ತಿತ್ತು.

ಮಾವ ಗಂಡನನ್ನು ನೋಡಲಿಲ್ಲ. ನನ್ನ ಮುಖ ನೋಡಿದರು.

"ಏಮ್ಮಾ, ಯಾಕಂಗೆ ನಿಂತ್ಕೊಂಡಿದ್ದೀಯ? ಕಾಫಿ ಆರೋಗ್ತೈತೆ, ಕೊಡು."

ಕೊಟ್ಟೆ.

"ಬಿಸಾಕ್ಬಿಡ್ಲಾ?"

"ನಿಮ್ಮಿಷ್ಟ ಮಾವ."

ಅವರು ಒಂದು ಗುಟುಕು ಕುಡಿದರು. "ಅಳಿಯಂದ್ರೆ, ಬೇರೆ ದಿನ ಆಗಿದ್ರೆ ಎದ್ದೋಗ್ತಿದ್ದೆ. ಇವತ್ತು ಬಿಸಾಕಿದ್ರೆ ನಿಮ್ಮತ್ತೆ ಮನೆಗೇ ಸೇರ್ಸಲ್ಲ. ನನ್ ಹಸೂನೂ ಇಟ್ಟೆ, ತೋರ್ಸಿ."

ಮಾವನ ಕೈಯಲ್ಲಿ ಎಂಟರ ಜೋಡಿ ಇತ್ತು. ಅಷ್ಟೇ ಸಾಕಾಯಿತು.

ಹೊಸತೊಡಕಿನ ಪಣವನ್ನು ವಾಪಸು ಕೊಡುವ ಪದ್ಧತಿಯೂ ನಮ್ಮಲ್ಲಿಲ್ಲ. ಮರುದಿನ ಬೆಳಿಗ್ಗೆ ಟೆಂಪೋ ಬಂತು. ಬೇರೆ ಯಾರು ಎಳೆದರೂ ಹಸು ಹತ್ತಲಿಲ್ಲ. ಹಗ್ಗ ಹಿಡಿದು ನಾನೇ ಹತ್ತಿಸಿದೆ.

ಮುಳಬಾಗಿಲಿನಲ್ಲಿ ಅದು ಹೆಣ್ಣು ಕರು ಹಾಕಿದೆ. ಒದೆಯುತ್ತಿದೆ, ಅತ್ತೆಗೆ ಹಾಲು ಕರೆಯಲು ಬಿಡುತ್ತಿಲ್ಲ ಎಂದು ಮಾವ ನಿನ್ನೆ ಫೋನಿನಲ್ಲಿ ಹೇಳಿದರು.