ಹೊನ್ನಕ್ಕನ ಲಾರಿಯ ಡಿಫ್ರೆನ್ಸು

ನನ್ನ ನೆಗೆಣ್ಣಿ ಹೊನ್ನಕ್ಕ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಹಾಲಿನವಳು ಬಂದರೆ ಮೊದಲು ಅವಳ ಕೈ ನೋಡುತ್ತಿದ್ದಳು, ಆಮೇಲೆ ಚೊಂಬು. ಕೈ ಒದ್ದೆಯಿದ್ದರೆ ಹಾಲಿಗೆ ನೀರು ಬಿದ್ದಿದೆ ಎಂದು ಅರ್ಥ. ಒಣಗಿದ್ದರೆ, ಒರೆಸಿಕೊಂಡು ಬಂದಿದ್ದಾಳೆ ಎಂದು ಅರ್ಥ. ಗಾಣದ ಎಣ್ಣೆಯನ್ನು ಅಂಗೈಗೆ ಹಾಕಿ ಮೂಸುತ್ತಿದ್ದಳು. ಮಂಡಕ್ಕಿ ತಂದರೆ ಚೀಲದ ತಳದವರೆಗೆ ಕೈ ಹಾಕಿ, ಹಳೆಯದು ಸೇರಿಸಿದ್ದಾರೇನೋ ಎಂದು ಕೆದಕುತ್ತಿದ್ದಳು. ದಾವಣಗೆರೆಯ ನಮ್ಮ ನಿಟ್ಟುವಳ್ಳಿಯಲ್ಲಿ ಅವಳ ಬಾಯಿಗೆ ಸಿಗದೆ ವ್ಯಾಪಾರ ಮಾಡಿದವರು ಯಾರೂ ಇಲ್ಲ. ಒಂದೇ ಮನೆಯಲ್ಲಿದ್ದ ನಾನಂತೂ ಡಬ್ಬಿಯಿಂದ ಉಪ್ಪು ತೆಗೆದರೂ ಅವಳಿಗೆ ಕಾಣುವಂತೆ ತೆಗೆಯಬೇಕಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವಳ ಗಂಡ ಓಬಯ್ಯ ಭಾವ ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಒಂದು ಮಿಲಿಟರಿ ಲಾರಿ ಹಿಡಿದಿದ್ದರು. ನಗುಮೊಗದ ಮನುಷ್ಯ. ಜ್ವರ ಬಂದು ತೀರಿಕೊಂಡರು. ಲಾರಿ ಹೊನ್ನಕ್ಕನ ಹೆಸರಿಗೆ ಬಂತು, ಓಡಿಸುವ ಕೆಲಸ ನನ್ನ ಯಜಮಾನರಿಗೆ ಬಂತು. ಅವರ ಹೆಸರು ಕೆಂಚಣ್ಣ. ಬರೆಯುವುದಕ್ಕೆ ಅಡ್ಡಿಯಿಲ್ಲ, ಬಾಯಿಂದ ಹೇಳುವುದಿಲ್ಲ ಅಷ್ಟೆ. ಮಿಲ್ಲಿಗೆ ಹತ್ತಿ ಅಂಡಿಗೆ, ಮಲೆಬೆನ್ನೂರಿನಿಂದ ಭತ್ತ, ಹೀಗೆ ಬಾಡಿಗೆ ನಡೆಯುತ್ತಿತ್ತು. ಆ ಒಂದು ಲಾರಿಯ ಮೇಲೆ ನಮ್ಮಿಬ್ಬರ ಒಲೆಯೂ ಉರಿಯುತ್ತಿತ್ತು. ಲಾರಿ ತಡವಾಗಿ ಬಂದರೆ ಸಾಕು, ದಾರಿಯಲ್ಲಿ ಯಾರನ್ನು ಹತ್ತಿಸಿಕೊಂಡೆ, ಎಲ್ಲಿ ಇಳಿಸಿದೆ ಎಂದು ಹೊನ್ನಕ್ಕನ ವಿಚಾರಣೆ ಶುರು. ನನ್ನ ಯಜಮಾನರು ತಲೆ ಬಗ್ಗಿಸಿಕೊಂಡು ಉತ್ತರ ಕೊಡುತ್ತಿದ್ದರು.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ, ಸುಗ್ಗಿಯ ಕಾಲದಲ್ಲಿ, ಲಾರಿ ಹಿಂದಿನಿಂದ ಊಳಿಡತೊಡಗಿತು. ಹರಿಹರದ ಮೆಕ್ಯಾನಿಕ್ ಮೌಲಾ ಸಾಬ್ ಬಂದು ಕೇಳಿ ನೋಡಿ, ಹಿಂದಿನ ಡಿಫ್ರೆನ್ಸು ಹೋಗಿದೆ ಎಂದರು. ಹಿಂದಿನ ಗಾಲಿಗಳ ನಡುವೆ, ಅಚ್ಚಿನ ಮಧ್ಯದಲ್ಲಿ, ಹಲ್ಲಿನ ಚಕ್ರಗಳನ್ನು ಹೊತ್ತು ಕೂತಿರುವ ದೊಡ್ಡ ಗುಂಡು ಅದು. ಎಂಜಿನ್ನಿನ ತಿರುಗಾಟ ಅದರ ಮೂಲಕವೇ ಗಾಲಿಗೆ ಹೋಗಬೇಕಂತೆ.

"ಗಾಡಿ ನಮ್ಮ ಶೆಡ್ಡಿಗೆ ಕಳಿಸ್ರಿ ಅಕ್ಕಾರೆ, ಬಿಚ್ಚಿ ರಿಪೇರಿ ಮಾಡಿ ಕೊಡ್ತೀನಿ" ಎಂದರು ಮೌಲಾ ಸಾಬ್.

"ಶೆಡ್ಡಿನಾಗೆ ಒಳಗಿಂದು ಹೊರಗ ಹೋಗಿ, ಹೊರಗಿಂದು ಒಳಗ ಬಂದ್ರೆ ನನಗೆ ಹೆಂಗೆ ಗೊತ್ತಾಗಬೇಕು ಸಾಬ್ರೇ? ಬಿಚ್ಚೋದಿದ್ರೆ ಇಲ್ಲೇ ಬಿಚ್ರಿ, ನನ್ನ ಕಣ್ಣೆದುರಿಗೆ."

ಬಂದ ಗಿರಾಕಿಯನ್ನು ಬಿಡಲಾರದೆ ಮೌಲಾ ಸಾಬ್ ಒಪ್ಪಿದರು. ಅಂಗಳದಲ್ಲಿ ಜಾಕ್ ಕೊಟ್ಟು ಲಾರಿಯ ಹಿಂಭಾಗ ಎತ್ತಿ, ಕೆಳಗೆ ಹುಣಸೆ ದಿಮ್ಮಿ ಇಟ್ಟರು. ಹೊನ್ನಕ್ಕ ಒರಳುಕಲ್ಲಿನ ಮೇಲೆ ಕೂತಳು. ತಳದ ಬಿರಡೆ ತೆಗೆದಾಗ ಕರಿ ಎಣ್ಣೆ ಗಡಿಗೆಗೆ ಇಳಿಯಿತು. ಆ ಗಡಿಗೆಯನ್ನೂ ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಎರಡೂ ಗಾಲಿಗಳಿಂದ ಉದ್ದನೆಯ ಶಾಫ್ಟುಗಳನ್ನು ಎಳೆದರು, ಎಂಜಿನ್ನಿನ ಕಡೆಯಿಂದ ಬರುವ ದಂಡವನ್ನು ಬೇರೆ ಮಾಡಿದರು. ಬಿಚ್ಚಿದ ನಟ್ಟುಗಳೆಲ್ಲ ಅವಳ ತೊಡೆಯ ಮೇಲಿನ ಮೊರಕ್ಕೆ ಬಿದ್ದವು. ಕೊನೆಗೆ ಲಾರಿಯ ಹಲಗೆಯೊಂದನ್ನು ಸರಿಸಿ, ಸಂದಿಯಿಂದ ಬಾವಿಯ ಹಗ್ಗ ಇಳಿಬಿಟ್ಟು ಗುಂಡಿಗೆ ಕಟ್ಟಿ, ಮೇಲೆ ನಿಂತ ನನ್ನ ಯಜಮಾನರು ಹಗ್ಗ ಸಡಿಲಿಸುತ್ತ ಹೋದಂತೆ ಕೆಳಗೆ ಮಲಗಿದ್ದ ಮೌಲಾ ಸಾಬ್ ಅದನ್ನು ಗೋಣಿಚೀಲದ ಮೇಲೆ ಇಳಿಸಿಕೊಂಡರು. ಮಸಿ, ಗ್ರೀಸು ಮೆತ್ತಿದ ಅದು ಇಬ್ಬರು ಹಿಡಿದರೂ ಜಗ್ಗದಷ್ಟು ಭಾರವಿತ್ತು.

"ಹಲ್ಲು ಸವೆದಾವೆ, ಬೇರಿಂಗೂ ಹೋಗೈತೆ. ಇದನ್ನಂತೂ ಹರಿಹರಕ್ಕೆ ಒಯ್ಯಲೇಬೇಕು" ಎಂದು ಹೇಳಿ ಮೌಲಾ ಸಾಬ್ ಊಟಕ್ಕೆ ಹೋದರು.

ಹೊನ್ನಕ್ಕನ ಮುಖ ಸಣ್ಣದಾಯಿತು. ಹರಿಹರಕ್ಕೆ ಹೋದದ್ದು ಅದೇ ಆಗಿ ವಾಪಸು ಬರುತ್ತದೆ ಎಂದು ಏನು ನೆಚ್ಚಿಕೆ? ಅಷ್ಟರಲ್ಲಿ ಬೀದಿಯಲ್ಲಿ ಪಾತ್ರೆಗೆ ಹೆಸರು ಹಾಕುವವನ ಕೂಗು ಕೇಳಿಸಿತು. ಅವಳ ಕಣ್ಣು ಅರಳಿದ್ದನ್ನು ನಾನೇ ಕಂಡೆ. ಕೊಡ, ತಟ್ಟೆ, ಲೋಟ ಯಾವುದೇ ಆಗಲಿ, ನಾಲ್ಕು ಮನೆ ತಿರುಗುವ ಸಾಮಾನಿಗೆ ಹೆಸರು ಹಾಕಿಸುವುದು ನಮ್ಮ ಹೆಂಗಸರ ಪದ್ಧತಿ. ಡಿಫ್ರೆನ್ಸಿಗೆ ಹಾಕಿಸಿದವಳು ಮಾತ್ರ ಇವಳೊಬ್ಬಳೇ ಇರಬೇಕು. ಗಂಡನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಒಳಗಿಂದ ಮದುವೆಯ ಬಿಂದಿಗೆ ತಂದು, "ಇದರ ಮ್ಯಾಲಿರೋದನ್ನೇ ಅದರ ಮ್ಯಾಲೂ ಬರಿ" ಎಂದಳು. ಗುಂಡಿನ ಒರಟು ಮೈ ಮೇಲೆ ಅವನ ಉಳಿ ನಿಲ್ಲಲಿಲ್ಲ. ಸುತ್ತಲಿನ ಅಂಚಿನಲ್ಲಿ ನುಣ್ಣಗೆ ಉಜ್ಜಿದ ಜಾಗವಿತ್ತು. ಗ್ರೀಸು ಒರೆಸಿಕೊಂಡು, ಹಿತ್ತಾಳೆಯ ಹಂಗಲ್ಲ ಇದು ಎಂದು ಗೊಣಗುತ್ತ, ಅಲ್ಲಿ ಚುಕ್ಕೆ ಹೊಡೆದು 'ಓಬಯ್ಯ' ಎಂದು ಮೂಡಿಸಿದ.

ಊಟ ಮುಗಿಸಿ ಬಂದ ಮೌಲಾ ಸಾಬ್ ಅದರ ಮೇಲೆ ಬೆರಳಾಡಿಸಿ ಹಾಗೆಯೇ ನಿಂತರು. ಆಮೇಲೆ ಅರ ಎತ್ತಿಕೊಂಡು ಆ ಚುಕ್ಕೆಗಳನ್ನು ಉಜ್ಜತೊಡಗಿದರು.

"ಮುಟ್ಟಬ್ಯಾಡ್ರಿ! ಅದು ಅವರ ಹೆಸರು!" ಎಂದು ಹೊನ್ನಕ್ಕ ಕೂಗಿದಳು.

"ಈ ಅಂಚು ಅಚ್ಚಿಗೆ ಹೋಗಿ ಕಚ್ಚಿ ಕೂಡ್ರಬೇಕು ಅಕ್ಕಾರೆ. ಚುಕ್ಕಿ ಎದ್ದಿದ್ರೆ ಸಂದಿ ಬೀಳತೈತೆ, ಎಣ್ಣಿ ಎಲ್ಲಾ ಸೋರಿ ಹೋಗತೈತೆ." ಅರವನ್ನು ಗೋಣಿಯ ಮೇಲೆ ಎಸೆದರು. "ನಾನು ಕಳ್ಳ ಅಂತ ತಾನೇ ಬರಿಸಿದ್ದು? ಕೇಳ್ರಿ ಹಂಗಾದ್ರೆ. ನೀವು ಹೆಸರು ಹಾಕಿಸೀರಲ್ಲ, ಈ ಮಾಲು ನಿಮ್ದೇ ಅಲ್ಲ!"

ಸೀಮೆಎಣ್ಣೆಯ ಬಟ್ಟೆಯಿಂದ ಗುಂಡಿನ ಬೆನ್ನು ತಿಕ್ಕಿದರು. ಮಸಿಯ ಕೆಳಗೆ ಕೆಂಪು ಬಣ್ಣ ಕಂಡಿತು. ಲಾರಿಯ ಅಚ್ಚನ್ನು ತಿಕ್ಕಿದರು. ಅಲ್ಲಿ ಮಿಲಿಟರಿಯ ಹಸಿರು.

"ಇದು ಯಾವುದೋ ಹಳೇ ಬಸ್ಸಿಂದು. ಒಳ್ಳೇದು ತೆಗೆದು ಯಾರೋ ಇದನ್ನ ಹಾಕ್ಯಾರೆ. ಇಂಥಾವು ಹರಿಹರದಾಗೆ ಸಿದ್ದೀಕಾಬಿ ಗುಜರಿ ಅಂಗಡ್ಯಾಗೆ ಸಿಗತಾವೆ."

ಹೊನ್ನಕ್ಕ ನಿಧಾನವಾಗಿ ನನ್ನ ಯಜಮಾನರ ಕಡೆ ತಿರುಗಿದಳು.

"ಲಾರಿ ಯಾರ ಕೈಯಾಗಿತ್ತೋ, ಕೆಂಚಾ?"

"ನಾನು ತಗದಿಲ್ಲ, ಅತ್ತಿಗಿ."

"ಮತ್ತೆ ಯಾರು ತಗದ್ರು?"

ಅವರು ನೆಲ ನೋಡಿದರು. ಬಾಯಿ ಬಿಡ್ರಿ ಎಂದು ನಾನೇ ಚೀರಿದೆ. ಇಲ್ಲ. ನಾಳೆ ಹರಿಹರಕ್ಕೆ ಹೋಗಿ ಕೇಳಿಕೊಂಡು ಬರುತ್ತೇನೆ, ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ಮನೆ ಖಾಲಿ ಮಾಡಬೇಕು, ಇನ್ನು ಲಾರಿ ಮುಟ್ಟಕೂಡದು ಎಂದು ಹೊನ್ನಕ್ಕ ಅಂದುಬಿಟ್ಟಳು. ನನ್ನ ಗಂಡನಿಗೆ ಸ್ಟಿಯರಿಂಗು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಕಳ್ಳ ಅನ್ನಿಸಿಕೊಂಡ ಡ್ರೈವರನನ್ನು ದಾವಣಗೆರೆಯಲ್ಲಿ ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

ಬೆಳಿಗ್ಗೆ ನಾನೂ ಹಟ ಹಿಡಿದು ರೈಲು ಹತ್ತಿದೆ. ಗುಂಡನ್ನು ಗೋಣಿಯಲ್ಲಿ ಸುತ್ತಿ ಮೌಲಾ ಸಾಬ್ ಲಗೇಜಿಗೆ ಹಾಕಿಸಿ ತಾವೂ ಹತ್ತಿದರು. ನಾನೂ ಹೊನ್ನಕ್ಕನೂ ಎದುರು ಬದುರು ಕೂತೆವು. ಅವಳನ್ನು ಸುಟ್ಟುಬಿಡುವಂಥ ಕೋಪ ನನ್ನಲ್ಲಿತ್ತು. ಆದರೆ ತೋಳಹುಣಸೆಯ ಕಡೆಯ ಬಾಡಿಗೆಗೆ ಹೋದಾಗಲೆಲ್ಲ ಇವರು ತಡವಾಗಿ ಬರುತ್ತಿದ್ದದ್ದು ಯಾಕೆ? ಹೋದ ದೀಪಾವಳಿಗೆ ಕೇಳದೆಯೇ ನನಗೆ ಸೀರೆ ತಂದರಲ್ಲ, ಎಲ್ಲಿಂದ ತಂದರು? ನಿನ್ನೆ ಯಾಕೆ ಬಾಯಿ ಬಿಡಲಿಲ್ಲ? ಹೊನ್ನಕ್ಕನ ರೋಗ ನನಗೂ ಅಂಟಿತ್ತು. ಮೈಮೇಲಿದ್ದದ್ದು ಅದೇ ಸೀರೆ. ಸೆರಗು ಮುಟ್ಟುವುದಕ್ಕೂ ನನಗೆ ಹೇಸಿಗೆಯಾಯಿತು.

ಸಿದ್ದೀಕಾಬಿ ವಯಸ್ಸಾದ ಹೆಂಗಸು. ಗಂಡ ತೀರಿದ ಮೇಲೆ ತಾನೇ ಅಂಗಡಿಯಲ್ಲಿ ಕೂರುತ್ತಿದ್ದಳು. ಹೊನ್ನಕ್ಕ ತಾನು ಯಾರೆಂದು ಹೇಳಲಿಲ್ಲ. ಗೋಣಿ ಬಿಚ್ಚಿಸಿ, "ಇದು ನಿಮ್ಮಂಗಡೀದೇನವ್ವಾ? ದಾವಣಗೆರೆ ಡ್ರೈವರ್ ಕೆಂಚಣ್ಣ ಒಯ್ದಿದ್ದನಾ?" ಎಂದಳು.

ಮುದುಕಿ ಕೆಂಪು ಬಣ್ಣ ನೋಡಿ ತಲೆಯಾಡಿಸಿದಳು. "ಹೌದು, ನಮ್ದೇ. ಆದ್ರೆ ಒಯ್ದಿದ್ದು ಕೆಂಚಣ್ಣ ಅಲ್ಲ, ಅವರಣ್ಣ. ಓಬಯ್ಯ. ಇಸ್ಪೀಟಿನಾಗೆ ಸೋತಿದ್ದ ಪಾಪ. ಚಲೋ ಮಾಲು ನಮಗ ಮಾರಿ ಇದನ್ನ ಹಾಕಿಸ್ಕೊಂಡು ಹೋದ. ಮನ್ಯಾಗೆ ಗೊತ್ತಾದ್ರೆ ಹೆಂಗಪ್ಪಾ ಅಂತ ನಮ್ಮವರು ಕೇಳಿದ್ರು. 'ನನ್ನ ಹೆಂಡ್ತಿಗೆ ಊರಿನ ಮ್ಯಾಲೆಲ್ಲಾ ಅನುಮಾನ, ನನ್ನೊಬ್ಬನ ಮ್ಯಾಲೆ ಇಲ್ಲ' ಅಂತ ನಕ್ಕ. ತಮ್ಮನೂ ಇದ್ದ ಅವತ್ತು. ಯಾಕಣ್ಣಾ ಇದೆಲ್ಲ ಅಂತ ಅಳಾಕ ಹತ್ತಿದ್ದ."

ನನ್ನ ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಗೆದ್ದೆ ಎಂದು ಹೊನ್ನಕ್ಕನ ಕಡೆ ನೋಡಿದೆ. ಅವಳು ಅಂಗಡಿಯ ತಗಡಿನ ಬಾಗಿಲು ಹಿಡಿದು ನಿಂತಿದ್ದಳು, ಕಣ್ಣು ಎಲ್ಲಿಯೂ ನೆಟ್ಟಿರಲಿಲ್ಲ. ಮೌಲಾ ಸಾಬ್ ಹಲ್ಲು, ಬೇರಿಂಗು ಆರಿಸಿ ತೋರಿಸಲು ಬಂದರು. "ನೀವೇ ನೋಡಿ ಹಾಕ್ರಿ" ಎಂದಷ್ಟೇ ಹೇಳಿ ಸ್ಟೇಷನ್ನಿಗೆ ನಡೆದಳು. ಗುಂಡು ಸಾಬರ ಶೆಡ್ಡಿನಲ್ಲೇ ಉಳಿಯಿತು.

ರೈಲು ದಾವಣಗೆರೆಯ ಹತ್ತಿರ ಬಂದಾಗ ನನ್ನ ಹೆಸರು ಹಿಡಿದು, "ಪುಟ್ಟಕ್ಕ, ಅವರು ನಕ್ಕರಂತೆ" ಎಂದಳು. ಇಸ್ಪೀಟಿನ ಮಾತೆತ್ತಲಿಲ್ಲ, ಮಾರಿದ ಮಾತೆತ್ತಲಿಲ್ಲ. ಆ ನಗುವೊಂದೇ ಅವಳಿಗೆ ನಟ್ಟಿತ್ತು.

ಮನೆಯಲ್ಲಿ ನನ್ನ ಯಜಮಾನರು ಟ್ರಂಕು ಕಟ್ಟಿಟ್ಟು ಕೂತಿದ್ದರು. ಹೊನ್ನಕ್ಕ ಅವರೆದುರು ನಿಂತಳು.

"ನಿನಗ ಗೊತ್ತಿದ್ದೂ ಕಳ್ಳ ಅನ್ನಿಸ್ಕೊಂಡೆಲ್ಲೋ. ಯಾಕ?"

"ನನ್ನನ್ನ ಅಂದ್ರೆ ನಾನು ತಡಕೊಂತೀನಿ ಅತ್ತಿಗಿ. ಅಣ್ಣನ್ನ ಅನ್ನೋ ಹಂಗಾಗಿದ್ರೆ ನೀವು ತಡಕೊಂತಿರಲಿಲ್ಲ."

ಅವಳು ಟ್ರಂಕನ್ನು ತಾನೇ ಎಳೆದು ನಮ್ಮ ಕೋಣೆಯೊಳಕ್ಕೆ ಇಟ್ಟಳು. ಎಲ್ಲಿಗೂ ಹೋಗಬ್ಯಾಡ ಎಂದಳು. ನಾನು ಒಲೆಯ ಮುಂದೆ ಕೂತು ಅತ್ತೆ. ಇಂಥ ಗಂಡನನ್ನು ರೈಲಿನಲ್ಲಿ ಏನೆಂದುಕೊಂಡಿದ್ದೆ ನಾನು!

ಎರಡು ದಿನ ಬಿಟ್ಟು ಮೌಲಾ ಸಾಬ್ ಗುಂಡು ತಂದರು. ದಪ್ಪ ಕಾಗದ ಕತ್ತರಿಸಿ ಗ್ರೀಸು ಹಚ್ಚಿ ಅಂಚಿಗೆ ಅಂಟಿಸಿದರು. ಯಜಮಾನರು ಮೇಲಿಂದ ಹಗ್ಗ ಜಗ್ಗಿದರು, ಸಾಬರು ಕೆಳಗೆ ಮಲಗಿ ಅದನ್ನು ಅದರ ಜಾಗಕ್ಕೆ ಕೂರಿಸಿದರು. ಎದುರು ಬದುರಿನ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದರು. ಶಾಫ್ಟು ತಳ್ಳಿದರು, ಹೊಸ ಎಣ್ಣೆ ಹೊಯ್ಯಬೇಕೆಂದಾಗ, "ಅಕ್ಕಾರೆ, ಬಂದು ನೋಡ್ರಿ" ಎಂದು ಕರೆದರು. ಹೊನ್ನಕ್ಕ ಹೊರಗೆ ಬರಲಿಲ್ಲ. ಆ ಕಣ್ಣು ನಮ್ಮ ಮೇಲಿಂದ ಸರಿಯಲಿ ಎಂದು ನಾನು ಎಷ್ಟು ವರ್ಷ ಶಪಿಸಿದ್ದೆನೋ. ಸರಿದ ದಿನ ಮನೆಯಲ್ಲಿ ಮತ್ತೊಂದು ಸಾವಾದಂತೆ ನನಗೆ ಸಂಕಟವಾಯಿತು.

ಒಳಗೆ ಹೋದೆ. ಹೊನ್ನಕ್ಕ ಗೋಡೆಗೆ ಒರಗಿ ಕೂತಿದ್ದಳು.

"ಅಕ್ಕ, ಏಳು, ಹೊರಗೆ ಬಾ. ನೀನು ನೋಡ್ಲಿಲ್ಲ ಅಂದ್ರೆ ಯಾರಾದ್ರೂ ಏನಾದ್ರೂ ಕದ್ದಾರು" ಎಂದು ತೋಳು ಹಿಡಿದು ಎಬ್ಬಿಸಲು ನೋಡಿದೆ.

ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಕದಿಯೋದೆಲ್ಲಾ ಕದ್ದು ಆಗೈತೆ, ಪುಟ್ಟಕ್ಕ."