ಮನೆಗೆ ಒಲೆ ಎಷ್ಟು

ನನ್ನ ಬಾಯಿ ಸ್ವಲ್ಪ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಹೇಳಹೊರಟ ಸಂಗತಿಯಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ಮೇಲೆ ಕೂಗಾಡಿದ್ದೂ ಉಂಟು, ಅದಕ್ಕೆ ಇವತ್ತಿಗೂ ನಾಚಿಕೆಪಡುವುದೂ ಉಂಟು. ಪುರಸಭೆ, ಪಟ್ಟಣ ಪಂಚಾಯತಿಗಳ ಗುಮಾಸ್ತೆಯಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಕುರ್ಚಿ ಸವೆಸಿದ್ದೇನೆ. ಇದು ಯಾವ ಊರಲ್ಲಿ ನಡೆದದ್ದು ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಆ ಕಾಲೊನಿಯವರು ನಾಳೆಯೇ ಬಂದು, ನಮ್ಮ ಒಲೆಯ ಸುದ್ದಿ ನೀವು ಯಾಕೆ ಬರೆದದ್ದು ಎಂದು ಕೇಳುತ್ತಾರೆ.

ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಆ ಕಾಲೊನಿ. ಬಡವರಿಗೆಂದು ಹಿಂದೆ ಯಾವಾಗಲೋ ಕಟ್ಟಿಸಿಕೊಟ್ಟ ಹೆಂಚಿನ ಸಾಲುಮನೆಗಳು. ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ, ಇಲ್ಲಿ ಒಬ್ಬರು ಕೆಮ್ಮಿದರೆ ಆಚೆ ಮನೆಯವರು ಬಿಸಿನೀರು ಕುಡಿಯಿರಿ ಎನ್ನುತ್ತಿದ್ದರು. ಗೋಡೆಗಳು ಬಿರುಕು ಬಿಟ್ಟಿದ್ದವು, ಹೆಂಚು ಹೊತ್ತ ಪಕ್ಕಾಸುಗಳಿಗೆ ಗೆದ್ದಲು ಹತ್ತಿತ್ತು. ಪಕ್ಕದ ಖಾಲಿ ಜಾಗದಲ್ಲಿ ಮಾಳಿಗೆಯ ಕಟ್ಟಡ ಕಟ್ಟಿ, ಕುಟುಂಬಕ್ಕೊಂದರಂತೆ ಮನೆ ಕೊಟ್ಟು, ಎಲ್ಲರೂ ಅಲ್ಲಿಗೆ ಹೋದ ಮೇಲೆ ಹಳೆಯದನ್ನು ಕೆಡವುವುದು ಎಂದು ಕೌನ್ಸಿಲಿನಲ್ಲಿ ತೀರ್ಮಾನವಾಯಿತು. ಒಂದು ಹಾಲ್, ಒಂದು ಕೋಣೆ, ಅಡುಗೆಮನೆ, ಬಚ್ಚಲು. ನಕ್ಷೆ ಚೆನ್ನಾಗಿಯೇ ಇತ್ತು.

ಆದರೆ ಕುಟುಂಬ ಎಂದರೆ ಯಾರು ಎನ್ನುವುದರಲ್ಲೇ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ರೇಶನ್ ಕಾರ್ಡು ನೋಡುವ ಎಂದರೆ, ಕಾರ್ಡಿನಲ್ಲಿ ಸತ್ತವರೂ ಇದ್ದರು, ಸೌದಿಯ ದಮ್ಮಾಮಿನಲ್ಲಿ ಇರುವವರೂ ಇದ್ದರು. ಮದುವೆಯಾದವರನ್ನೆಲ್ಲ ಬೇರೆ ಬೇರೆ ಕುಟುಂಬ ಎಂದು ಹಿಡಿಯುವ ಎಂದರೆ, ಅಷ್ಟು ಮನೆ ಎಲ್ಲಿಂದ ತರುವುದು ಎಂದು ಇಂಜಿನಿಯರ್ ತಲೆ ಮೇಲೆ ಕೈಯಿಟ್ಟರು. ಮೂಲೆಯಲ್ಲಿ ಕುಳಿತು ಸಭೆಯ ನಡಾವಳಿ ಬರೆಯುತ್ತಿದ್ದ ನಾನು ಸುಮ್ಮನೆ ಬರೆಯಬೇಕಿತ್ತು. ಬರೆಯದೆ ಬಾಯಿ ಹಾಕಿದೆ. ಒಲೆ ಎಣಿಸಿದರೆ ಆಯಿತಲ್ಲ ಸರ್, ನಮ್ಮ ಕಡೆ ಮನೆ ಪಾಲಾದರೆ ಮೊದಲು ಬೇರೆಯಾಗುವುದು ಒಲೆಯೇ, ಎಷ್ಟು ಒಲೆಯೋ ಅಷ್ಟು ಕುಟುಂಬ ಎಂದೆ.

ನಾನು ಅನುಭವದಿಂದಲೇ ಹೇಳಿದ್ದು. ಮಡಂತ್ಯಾರಿನ ನಮ್ಮ ಮನೆಯ ಅಡುಗೆಕೋಣೆಯ ನಡುವೆ ಗೋಡೆ ಎದ್ದು ಹನ್ನೊಂದು ವರ್ಷವಾಗಿತ್ತು. ಗೋಡೆಯಾಚೆ ನನ್ನ ಓರಗಿತ್ತಿ. ಅವಳ ಕುಕ್ಕರಿನ ಸೀಟಿ ನನಗೆ ಕೇಳುತ್ತದೆ, ನನ್ನದು ಅವಳಿಗೆ ಕೇಳುತ್ತದೆ, ಮಾತು ಮಾತ್ರ ಇಲ್ಲ. ಸಭೆಯಲ್ಲಿದ್ದ ಎಲ್ಲರ ಮನೆಯಲ್ಲೂ ಇಂಥದ್ದೊಂದು ಗೋಡೆ ಇದ್ದಿರಬೇಕು, ನನ್ನ ಮಾತನ್ನು ತಟ್ಟನೆ ಒಪ್ಪಿಬಿಟ್ಟರು. ಮುಖ್ಯಾಧಿಕಾರಿಗಳು ಶಹಬ್ಬಾಸ್ ಅಂದರು. ನಾನು ಉಬ್ಬಿಹೋದೆ.

ಸಲಹೆ ಕೊಟ್ಟವರ ತಲೆಗೇ ಕೆಲಸ ಕಟ್ಟುವುದು ಕಚೇರಿಯ ಪದ್ಧತಿ. ಸರ್ವೆಗೆ ನನ್ನನ್ನೇ ಕಳಿಸಿದರು. ಮೊಬೈಲಿನಲ್ಲಿ ಒಂದೊಂದು ಮನೆಯದ್ದೂ ಒತ್ತಿ ಕಳಿಸುವುದು, ಒಮ್ಮೆ ಕಳಿಸಿದರೆ ತಿದ್ದುವ ಹಾಗಿಲ್ಲ. ನಿಯಮದ ಸುದ್ದಿ ನನಗಿಂತ ಮೊದಲೇ ಕಾಲೊನಿ ಮುಟ್ಟಿತ್ತು. ಗುರುವಾಯನಕೆರೆಯಿಂದ ತೋಡಾರಿನವರೆಗೆ ಯಾವ ಪಾತ್ರೆ ಅಂಗಡಿಯಲ್ಲೂ ಆ ವಾರ ಸಣ್ಣ ಸ್ಟವ್ ಉಳಿದಿರಲಿಕ್ಕಿಲ್ಲ. ಒಂದು ಮನೆಯಲ್ಲಿ ಅಪ್ಪನಿಗೊಂದು, ಇಬ್ಬರು ಮಕ್ಕಳಿಗೆ ಒಂದೊಂದು, ಒಟ್ಟು ಮೂರು ಒಲೆ. ಮೂರನೆಯದರ ಪ್ಲಾಸ್ಟಿಕ್ ಕವರನ್ನೂ ತೆಗೆದಿರಲಿಲ್ಲ. ಇದರಲ್ಲಿ ಎಂತ ಬೇಯಿಸುವುದು ಮಾರಾಯ್ರೆ, ಪ್ಲಾಸ್ಟಿಕ್ಕಾ ಎಂದು ಕೇಳಿದೆ. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ನಕ್ಕು ಮೂರು ಎಂದೇ ಒತ್ತಿದೆ. ಒಲೆ ಎಷ್ಟು ಉಂಟು ಎಂದಷ್ಟೇ ಪ್ರಶ್ನೆ, ಉರಿಯುತ್ತದೋ ಎಂದು ಯಾರೂ ಕೇಳಿರಲಿಲ್ಲ.

ಸಾಲಿನ ಕೊನೆಯ ಮನೆಯಲ್ಲಿ ಅಕ್ಕ ತಂಗಿ ಇದ್ದರು, ಬ್ಯಾರಿ ಮುಸ್ಲಿಂ ಕುಟುಂಬದವರು. ಆ ಮನೆಯ ಹೆಣ್ಣುಮಕ್ಕಳು ತಾಯಿಮನೆ ಬಿಟ್ಟು ಹೋದವರಲ್ಲ, ಗಂಡಂದಿರೇ ಬಂದು ಸೇರಿಕೊಂಡಿದ್ದರು. ಅಕ್ಕನಿಗೆ ಅರುವತ್ತರ ಹತ್ತಿರ, ಗಂಡ ತೀರಿಹೋಗಿ, ಬೀಡಿ ಕಟ್ಟಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವರು. ತಂಗಿ ಬಹಳ ಚಿಕ್ಕವಳು, ಅವಳ ಗಂಡ ಗಲ್ಫಿನಲ್ಲಿ ಡ್ರೈವರ್, ಇಬ್ಬರು ಶಾಲೆಗೆ ಹೋಗುವ ಮಕ್ಕಳು. ಅವನು ರಜೆಯಲ್ಲಿ ಬಂದರೆ ಒಟ್ಟು ಏಳು ಜನ. ಅಕ್ಕನ ಬೆಳೆದ ಹೆಣ್ಣುಮಕ್ಕಳು ಮಲಗುವುದು ಒಲೆಯ ಪಕ್ಕದಲ್ಲಿ, ಚಾಪೆ ಹಾಸಿಕೊಂಡು.

ಒಲೆ ಎಷ್ಟು ಉಂಟು ಎಂದು ತುಳುವಿನಲ್ಲೇ ಕೇಳಿದೆ. ಅಕ್ಕ ಮಡಿಲಿನ ಮೇಲಿದ್ದ ಬೀಡಿಯ ಗೆರಸೆಯನ್ನು ಕೆಳಗಿಟ್ಟು, ಒಂದೇ ಅಂದರು. ಅವರನ್ನು ಹೆತ್ತ ಉಮ್ಮ ಕಣ್ಣು ಮುಚ್ಚುವ ಮೊದಲು ಇಬ್ಬರ ಕೈ ಹಿಡಿದು, ಈ ಮನೆಯಲ್ಲಿ ಒಲೆ ಎರಡು ಆಗಬಾರದು ಎಂದು ಮಾತು ತೆಗೆದುಕೊಂಡಿದ್ದರಂತೆ. ಆವತ್ತಿನಿಂದ ಈವತ್ತಿನವರೆಗೆ ಆಗಿಲ್ಲ ಎಂದು ಹೇಳುವಾಗ ಆ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಮರೆಯಲಾರೆ. ನೆರೆಯವರು ಅವರಿಗೆ ನಿಯಮ ಹೇಳಿರಲಿಲ್ಲ ಎಂದಲ್ಲ. ಕೂಡಿ ಬಾಳುವವರಿಗೆ ಸರಕಾರ ಕಡಿಮೆ ಕೊಡುತ್ತದೆ ಎಂದರೆ ಅವರಿಗೆ ನಂಬಿಕೆಯೇ ಬಂದಿರಲಿಲ್ಲ. ನಾನಾದರೂ ಬಿಡಿಸಿ ಹೇಳಬೇಕಿತ್ತು. ನನಗೆ ನನ್ನ ಮನೆಯ ಗೋಡೆ ನೆನಪಾಗಿಬಿಟ್ಟಿತು. ನಿಮ್ಮಂಥವರು ಈ ಕಾಲದಲ್ಲಿ ಸಿಗುವುದಿಲ್ಲ ಎಂದು ಹೊಗಳಿ, ಒಂದು ಎಂದು ಒತ್ತಿ, ಅವರು ಕೊಟ್ಟ ಚಾ ಕುಡಿದು ಎದ್ದು ಬಂದೆ.

ಪಟ್ಟಿ ನೋಟೀಸು ಬೋರ್ಡಿಗೆ ಹತ್ತಿದ ದಿನ ನಾನೂ ನಿಂತು ಓದಿದೆ. ಪ್ಲಾಸ್ಟಿಕ್ ಸ್ಟವ್ವಿನ ಮನೆಗೆ ಮೂರು ಮನೆ. ಅಕ್ಕ ತಂಗಿಯರ ಏಳು ಜನಕ್ಕೆ ಒಂದು, ಅದೂ ಒಂದೇ ಕೋಣೆಯದ್ದು. ಹಳೆಯ ಮನೆಗಾದರೂ ಹಿಂದೆ ಮುಂದೆ ಜಗಲಿ ಇತ್ತು, ಮಾಳಿಗೆ ಕಟ್ಟಡದಲ್ಲಿ ಅದೂ ಇಲ್ಲ. ಆಕ್ಷೇಪಣೆ ಸಲ್ಲಿಸಲು ಹದಿನೈದು ದಿನದ ಅವಕಾಶವಿತ್ತು. ಆ ಸಂಜೆಯೇ ಅವರ ಮನೆಗೆ ಹೋದೆ. ಒಂದು ಅರ್ಜಿ ಬರೆದುಕೊಡಿ, ಮರುಪರಿಶೀಲನೆಗೆ ನಾನೇ ಇಂಜಿನಿಯರನ್ನು ಕರೆದುಕೊಂಡು ಬರುತ್ತೇನೆ, ಆ ಒಂದು ದಿನದ ಮಟ್ಟಿಗೆ ಹಿಂದಿನ ಜಗಲಿಯಲ್ಲಿ ಇನ್ನೊಂದು ಒಲೆ ಇಡಿ, ಬೇರೆ ಬೇರೆ ಅಡುಗೆ ಎಂದು ಹೇಳಿದರೆ ಸಾಕು ಎಂದೆ. ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಆಗುವುದಿಲ್ಲ ಎಂದರು. ಸುಳ್ಳು ಹೇಳಿ ಪಡೆದ ಮನೆಯಲ್ಲಿ ನಮಾಜು ಮಾಡುವುದು ಹೇಗೆ ಎಂದು ನನ್ನನ್ನೇ ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ಊರಿಡೀ ಸುಳ್ಳು ಹೇಳಿ ಮನೆ ಪಡೆಯುವಾಗ ನಿಮಗೊಬ್ಬರಿಗೆ ಯಾಕೆ ಈ ಹಠ ಎಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

"ನಿಮ್ಮ ಉಮ್ಮನಿಗೆ ಕೊಟ್ಟ ಮಾತು ದೊಡ್ಡದು, ಈ ಮಕ್ಕಳು ದೊಡ್ಡವರಲ್ಲ ಅಲ್ವಾ? ಇವರು ಮದುವೆಯಾಗಿಯೂ ಒಲೆ ಬುಡದಲ್ಲೇ ಮಲಗಲಿ, ಬಿಡಿ."

ಅಷ್ಟು ಹೇಳಿದವಳು ಚಪ್ಪಲಿ ಸಿಕ್ಕಿಸಿಕೊಂಡು ಹೊರಟುಬಂದೆ. ನಿಜ ಹೇಳಬೇಕೆಂದರೆ ಆ ಸಿಟ್ಟು ಅವರ ಮೇಲಿನದಲ್ಲ. ಒಲೆ ಎಣಿಸಿ ಎಂದ ನನ್ನ ಬಾಯಿಯ ಮೇಲಿನದು.

ನಾಲ್ಕು ದಿನ ಕಳೆದ ಮೇಲೆ ತಂಗಿ ಕಚೇರಿಗೆ ಬಂದು ಅರ್ಜಿ ಕೊಟ್ಟು ಹೋದಳು. ಅಕ್ಕನ ಸಹಿಯೂ ಇತ್ತು. ಅಂತೂ ಬುದ್ಧಿ ಬಂತು ಎಂದುಕೊಂಡೆ. ಅದಾಗಿ ನಾಲ್ಕು ದಿನಕ್ಕೆ ಇಂಜಿನಿಯರನ್ನು ಕರೆದುಕೊಂಡು ಹೋದೆ. ಅವರು ಧಾರವಾಡ ಕಡೆಯವರು, ತುಳು ಬಾರದು, ಎದುರಿಗಿರುವವರನ್ನು ನೇರವಾಗಿ ಕೇಳುವ ಮನುಷ್ಯ. ಒಳಗೆ ತಂಗಿಯ ಗ್ಯಾಸ್ ಒಲೆ. ಹಿಂದಿನ ಜಗಲಿಯಲ್ಲಿ ಮೂರು ಕೆಂಪು ಕಲ್ಲು, ಅದರ ಮೇಲೆ ಗಂಜಿಯ ಪಾತ್ರೆ, ಕೆಳಗೆ ಕೆಂಡ. ಪಕ್ಕದಲ್ಲಿ ಅಕ್ಕ ಮುಖ ಬೇರೆ ಕಡೆ ತಿರುಗಿಸಿ ಕುಳಿತಿದ್ದರು.

ನೀವು ಬೇರೆ ಅಡಿಗಿ ಮಾಡ್ಕೋತೀರೇನು ಎಂದು ಇಂಜಿನಿಯರ್ ಅಕ್ಕನನ್ನೇ ಕೇಳಿದರು. ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಈಗ ಇಲ್ಲ ಅಂದರೆ ಅರ್ಜಿಯೂ ಹೋಯಿತು, ಮನೆಯೂ ಹೋಯಿತು ಎಂದುಕೊಂಡೆ. ಅಕ್ಕ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿ ಹೇಳಿದರು.

"ಹೌದು. ನಾಲ್ಕು ದಿನದಿಂದ ಬೇರೆ. ನಾನು ಮತ್ತು ನನ್ನ ಮಕ್ಕಳು ಇಲ್ಲಿ ಬೇಯಿಸಿ ಇಲ್ಲೇ ಉಣ್ಣುತ್ತೇವೆ."

ಇಂಜಿನಿಯರ್ ಬರೆದುಕೊಂಡರು. ನಾನು ಕಲ್ಲುಗಳನ್ನು ನೋಡಿದೆ. ಒಂದು ದಿನದ ಮಸಿ ಆಗಿರಲಿಲ್ಲ ಅದು. ಆಗ ನನಗೆ ಅರ್ಥವಾಯಿತು. ಆ ಹೆಂಗಸು ಸುಳ್ಳು ಹೇಳಲಾರದೆ ಅದನ್ನು ನಿಜವೇ ಮಾಡಿಬಿಟ್ಟಿದ್ದರು. ಅರ್ಜಿಗೆ ಸಹಿ ಹಾಕಿದ ದಿನದಿಂದ ಅವರು ತಂಗಿಯ ಜೊತೆ ಒಂದು ತುತ್ತೂ ತಿಂದಿರಲಿಲ್ಲ.

ಅವರಿಗೆ ಎರಡು ಮನೆ ಮಂಜೂರಾಯಿತು. ಕಟ್ಟಡ ಏಳುವಾಗ ಎರಡು ಮಳೆಗಾಲ ಕಳೆಯಿತು. ನಡುವೆ ಒಂದು ದಿನ ತಂಗಿ ಆಧಾರ್ ಕಾರ್ಡಿನ ಪ್ರತಿ ಕೊಡಲು ಬಂದವಳು ನನ್ನ ಮೇಜಿನ ಮುಂದೆ ನಿಂತೇ ಇದ್ದಳು. ಅಕ್ಕ ಈಗಲೂ ಬೇರೆಯೇ ಬೇಯಿಸಿ ತಿನ್ನುತ್ತಾರೆ, ಮಳೆಯಲ್ಲೂ ಆ ಜಗಲಿಯಲ್ಲೇ, ನೀವಾದರೂ ಒಮ್ಮೆ ಬಂದು ಹೇಳಿ ಎಂದಳು. ಹಬ್ಬದ ದಿನ ತಾನು ಒಯ್ದುಕೊಟ್ಟ ಪತ್ತಿರ್ ರೊಟ್ಟಿ ಕೂಡ ಮುಟ್ಟಲಿಲ್ಲವಂತೆ. ಸರಕಾರಕ್ಕೆ ಬೇರೆ ಎಂದು ಹೇಳಿ ಆಗಿದೆ, ಇನ್ನು ಒಟ್ಟಿಗೆ ಉಂಡರೆ ಅದು ಸುಳ್ಳಾಗುತ್ತದೆ ಎಂದರಂತೆ. ಅದನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರು. ಅಂತಿಮ ಹಂಚಿಕೆಯ ಆದೇಶ ಆಗ ಇನ್ನೂ ಬಂದಿರಲಿಲ್ಲ. ಯಾರಾದರೂ ದೂರು ಕೊಟ್ಟರೆ ಮತ್ತೆ ಪರಿಶೀಲನೆ, ನನ್ನ ಕೆಲಸಕ್ಕೂ ಸಂಚಕಾರ. ಸ್ವಲ್ಪ ದಿನ ತಡೆಯಿರಿ ಎಂದು ಹೇಳಿ ಕಳಿಸಿದೆ. ನಾನು ಹೋಗಲಿಲ್ಲ.

ಆ ಸಂಜೆ ಮಡಂತ್ಯಾರಿಗೆ ಹೋಗಿ ಓರಗಿತ್ತಿಯ ಬಾಗಿಲು ತಟ್ಟಿದೆ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತಿತ್ತು. ತಟ್ಟಲಿಲ್ಲ. ಅವಳ ಕುಕ್ಕರ್ ಮೂರು ಸೀಟಿ ಹಾಕಿತು, ನಾನು ಟಿವಿಯ ಸದ್ದು ಜಾಸ್ತಿ ಮಾಡಿಕೊಂಡು ಕುಳಿತೆ.

ಮನೆಗಳನ್ನು ಚೀಟಿ ಎತ್ತಿ ಹಂಚಿದರು. ತಂಗಿಗೆ ನೆಲಮಹಡಿ, ಅಕ್ಕನಿಗೆ ಅದೇ ಕಟ್ಟಡದ ಎರಡನೆಯ ಮಹಡಿ. ಕೀಲಿಕೈ ಕೊಟ್ಟು ಎರಡು ತಿಂಗಳಿಗೆ, ಮಂಜೂರಾದವರೇ ವಾಸ ಇದ್ದಾರೋ, ಬಾಡಿಗೆಗೆ ಬಿಟ್ಟಿದ್ದಾರೋ ಎಂದು ನೋಡಿಬರುವ ಕೆಲಸವೂ ನನಗೇ ಬಂತು. ಮೂರು ಒಲೆಯವರ ಮೂರನೆಯ ಮನೆಗೆ ಬೀಗ ಹಾಕಿತ್ತು. ಬೀಗ ಎಂದೇ ಬರೆದೆ, ಆ ದಿನ ನಗಲಿಲ್ಲ.

ಎರಡನೆಯ ಮಹಡಿಯ ಬಾಗಿಲು ತಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ಅಕ್ಕ ಒಬ್ಬರೇ ಇದ್ದರು, ಹೆಣ್ಣುಮಕ್ಕಳು ಕೆಲಸಕ್ಕೆ ಹೋಗಿದ್ದರು. ಕುಳಿತು ಕುಳಿತು ಬೀಡಿ ಕಟ್ಟಿದ ಮೊಣಕಾಲು ಮೆಟ್ಟಿಲಿಗೆ ಒಗ್ಗದೆ, ಗೋಡೆ ಹಿಡಿದು ನಡೆಯುತ್ತಿದ್ದರು. ಹಳೆಯದನ್ನೇನೂ ಎತ್ತಲಿಲ್ಲ, ಕುರ್ಚಿ ಎಳೆದುಕೊಟ್ಟರು. ಅಡುಗೆಮನೆಯ ಕಟ್ಟೆಯ ಮೇಲೆ ಪುಟ್ಟ ಸ್ಟವ್, ಒಂದು ಪಾತ್ರೆ ಅನ್ನ, ಒಂದು ಪಾತ್ರೆ ಬಂಗುಡೆ ಮೀನಿನ ಸಾರು. ಇದು ಕೊನೆಯ ತಪಾಸಣೆಯಾ ಎಂದು ಕೇಳಿದರು. ಹೌದು, ಇನ್ನು ಯಾರೂ ಬರುವುದಿಲ್ಲ, ಮನೆ ನಿಮ್ಮದೇ ಎಂದೆ. ಅವರು ನನ್ನ ಎದುರು ನೆಲದ ಮೇಲೆ ಕುಳಿತುಕೊಂಡರು.

"ಹಾಗಾದರೆ ಒಂದು ಕೇಳ್ತೇನೆ, ನೀವು ಸಿಟ್ಟು ಮಾಡಬಾರದು. ಕಾನೂನು ಎಂತ ಹೇಳ್ತದೆ? ಇನ್ನು ನಾವು ಒಟ್ಟಿಗೆ ಉಣ್ಣಬಹುದಾ?"

ಎರಡು ಮಳೆಗಾಲ ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವರು ನನಗಾಗಿ ಕಾದಿದ್ದರು. ನಾನು ಅತ್ತುಬಿಟ್ಟೆ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಉಣ್ಣಬಹುದು, ಇವತ್ತೇ ಉಣ್ಣಿ, ಯಾರೂ ಕೇಳುವವರಿಲ್ಲ ಎಂದೆ.

ಅವರಿಗೆ ಸಮಾಧಾನವಾಗಲಿಲ್ಲ. ಬರೆದು ಕೊಡಿ ಎಂದರು.

ಚೀಲದಿಂದ ಒಂದು ಬಿಳಿ ಹಾಳೆ ತೆಗೆದೆ. ದಿನಾಂಕ ಹಾಕಿ, ಕಚೇರಿಯ ಕನ್ನಡದಲ್ಲೇ ಬರೆದೆ: ಈ ಎರಡು ಮನೆಗಳ ವಾಸಿಗಳು ಇಂದಿನಿಂದ ಒಂದೇ ಒಲೆಯಲ್ಲಿ ಅಡುಗೆ ಮಾಡಿ ಒಟ್ಟಿಗೆ ಊಟ ಮಾಡುವುದಕ್ಕೆ ಯಾವುದೇ ಅಭ್ಯಂತರ ಇರುವುದಿಲ್ಲ. ಕೆಳಗೆ ಸಹಿ ಹಾಕಿದೆ. ಹಾಗೆ ಬರೆದುಕೊಡುವ ಅಧಿಕಾರ ನನಗೆ ಎಳ್ಳಷ್ಟೂ ಇರಲಿಲ್ಲ. ಅವರು ಅಕ್ಷರ ಅಕ್ಷರವಾಗಿ ಓದಿ, ಸೀಲು ಇಲ್ಲವಾ ಎಂದರು. ಸೀಲು ಕಚೇರಿಯಲ್ಲಿ ಉಂಟು, ನಾಳೆ ಹಾಕಿ ತರುತ್ತೇನೆ ಎಂದೆ.

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡರು. ಸ್ಟವ್ ಆರಿಸಿ, ಅನ್ನದ ಪಾತ್ರೆಯನ್ನು ಸೊಂಟಕ್ಕೆ ಏರಿಸಿ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ನಾನು ಬಂಗುಡೆ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿನಿಂದ ಇಳಿದೆ. ಕೆಳಗೆ ತಂಗಿ ಬಾಗಿಲು ತೆರೆದವಳು ಮೊದಲು ಅಕ್ಕನನ್ನು ನೋಡಿದಳು, ಆಮೇಲೆ ಪಾತ್ರೆಯನ್ನು ನೋಡಿದಳು, ಒಳಗೆ ಹೋಗಿ ಬಟ್ಟಲುಗಳನ್ನು ಇಳಿಸತೊಡಗಿದಳು.