ಬ್ಯಾಡಗಿಗೆ ಬಂದ ಆಳ ಸಮುದ್ರ

ಕಳೆದ ವರ್ಷ ಇಲಾಖೆಗೆ ಇದ್ದಕ್ಕಿದ್ದಂತೆ ಸಮುದ್ರದ ಮೇಲೆ ಪ್ರೀತಿ ಉಕ್ಕಿತು. ಎಂಟನೇ ತರಗತಿಯ ಮಕ್ಕಳಿಗೆ ಆಳ ಸಮುದ್ರದ ಜೀವಿಗಳನ್ನು ‘ಅನುಭವದ ಮೂಲಕ’ ಕಲಿಸಬೇಕು, ಫೋಟೊ ಕಳಿಸಬೇಕು ಎಂದು ಸುತ್ತೋಲೆ ಬಂತು. ನಾನು ಬ್ಯಾಡಗಿಯ ಶಾಲೆಯೊಂದರ ವಿಜ್ಞಾನ ಶಿಕ್ಷಕಿ, ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಕಾಲೇಜಿನ ಪ್ರವಾಸದಲ್ಲಿ ಕಾರವಾರದ ನೀರಿಗೆ ಪಾದ ಅದ್ದಿ ಹೊಸ ಚಪ್ಪಲಿ ಕಳೆದುಕೊಂಡದ್ದೇ ನನ್ನ ಸಮುದ್ರದ ಅನುಭವ. ಹೆಡ್‌ಮಾಸ್ತರರಿಗೆ ಅಷ್ಟೂ ಇರಲಿಲ್ಲವಾದ್ದರಿಂದ ಸಮುದ್ರತಜ್ಞೆಯ ಪಟ್ಟ ನನಗೇ ಬಂತು.

ಬೋರ್ಡಿನ ಮೇಲೆ ಹಣೆಯಲ್ಲಿ ದೀಪ ಹೊತ್ತ ಮೀನನ್ನು ಬರೆದೆ. ಸೂರ್ಯನ ಬೆಳಕು ಇಳಿಯದ ಆಳದಲ್ಲಿ ಅದು ಈ ದೀಪ ತೋರಿಸಿ ಬೇಟೆಯನ್ನು ಬಾಯಿಗೆ ಕರೆಯುತ್ತದೆ ಎಂದೆ. ನನ್ನ ಮೀನು ಹೆಲ್ಮೆಟ್ ಹಾಕಿದ ಬದನೆಕಾಯಿಯಂತಿತ್ತು. ಮಕ್ಕಳು ಗೌರವದಿಂದ ಹಾಗೆಯೇ ಇಳಿಸಿಕೊಂಡರು. ಕೆಲವು ಜಾತಿಗಳಲ್ಲಿ ಪುಟ್ಟ ಗಂಡು ಹೆಣ್ಣಿಗೆ ಕಚ್ಚಿಕೊಂಡು ಅದರ ಮೈಯಲ್ಲೇ ಬೆರೆತುಹೋಗುತ್ತದೆ ಎನ್ನುವಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಾಸ್ತರರು ಕೆಮ್ಮಿದರು.

“ಟೀಚರ್, ಆ ಗಂಡಿನ ಸುದ್ದಿ ಬಿಡ್ರಿ, ಪಾಲಕರು ಬಂದು ಕೇಳ್ತಾರ. ಅದಿರ್ಲಿ, ಅನುಭವ ಎಲ್ಲೈತಿ? ಬುಧವಾರ ಇಲಾಖೆ ಸಾಹೇಬ್ರು ನೋಡಾಕ ಬರಾಕತ್ತಾರ. ಒಂದು ಖರೇ ಮೀನ ತರ್ರಿ.”

ಮೀನು ಮುಟ್ಟದ ಮನೆಯವಳು ನಾನು. ಬುಧವಾರ ಬೆಳಿಗ್ಗೆ ಮೂಗಿಗೆ ಸೆರಗು ಹಿಡಿದು ಪೇಟೆಯ ಮೀನಂಗಡಿಗೆ ಹೋದೆ. “ಆಳ ಸಮುದ್ರದ ಮೀನ ಅದಾವೇನ್ರಿ?” ಎಂದು ಅಂಗಡಿಯಾಕೆಯನ್ನು ಕೇಳಿದೆ.

“ಬಂಗುಡೆ ಅದಾವ್ರಿ, ಬರ್ಫದಾಗ ಬಂದಾವ. ದೀಪ ಹಚ್ಚಿಕೊಂಡ ಮೀನ ನಮ್ಮಲ್ಲಿಲ್ರಿ, ಟೀಚರ್.”

“ದೀಪದ ಸುದ್ದಿ ನಿಮಗ ಹೆಂಗ ಗೊತ್ತಾತ್ರಿ?”

“ನನ್ನ ಮಗಳು ನಿಮ್ಮ ಕ್ಲಾಸಿನ್ಯಾಗ ಅದಾಳಲ್ರಿ. ಎರಡು ದಿನ ಆತು, ಮನ್ಯಾಗ ಬರೇ ಅದೇ ಮಾತು.”

ನನಗೆ ನೆಲ ನೋಡುವಂತಾಯಿತು. ಆ ಹುಡುಗಿ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ಮೈಗೆ ಮೀನಿನ ವಾಸನೆ ಎಂದು ಉಳಿದವರು ಸರಿದದ್ದು ನನ್ನ ಕಣ್ಣೆದುರೇ. ಹಾಜರಿ ಬಿಟ್ಟರೆ ಆಕೆಯ ದನಿ ನಾನು ಕೇಳಿರಲಿಲ್ಲ. ಅವಳ ಹೆಸರಿನ ಮುಂದೆ ‘ಆಸಕ್ತಿ ಕಡಿಮೆ’ ಎಂದು ಚೆಂದದ ಅಕ್ಷರದಲ್ಲಿ ಬರೆದಿಟ್ಟಿದ್ದೆ. ಆಳದ ಕತ್ತಲೆಯಲ್ಲಿರುವ ಜೀವಿಗಳ ಬಗ್ಗೆ ಪಾಠ ಮಾಡುತ್ತಿದ್ದವಳೂ ನಾನೇ!

ಸಾಹೇಬರು ಬಂದಾಗ ಬಂಗುಡೆ ಸ್ಟೀಲ್ ತಟ್ಟೆಯಲ್ಲಿತ್ತು. ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ನಾನು ಅದರ ಸುತ್ತ ಸುತ್ತುತ್ತಿದ್ದೆ. ಕೊನೆಯ ಬೆಂಚಿನಿಂದ ಸಣ್ಣ ದನಿ ಬಂತು.

“ಟೀಚರ್, ನಾ ತೋರಸ್ಲೇನ್ರಿ?”

ಬಂದವಳೇ ಕೆನ್ನೆಯ ಮುಚ್ಚಳ ಎತ್ತಿ ಕಿವಿರು ತೋರಿಸಿದಳು. “ಇದರಿಂದ ಉಸರಾಡತೈತಿ. ಕೆಂಪಗಿದ್ರ ಮೀನ ತಾಜಾ ಐತಿ ಅಂತ.” ದೂರ ಸರಿದಿದ್ದ ಹುಡುಗಿಯರೇ ಅವಳ ಹೆಗಲ ಮೇಲಿಂದ ಇಣುಕುತ್ತಿದ್ದರು.

ಸಾಹೇಬರು ಕರವಸ್ತ್ರದ ಹಿಂದಿನಿಂದ ಕೇಳಿದರು: “ಇದು ಆಳ ಸಮುದ್ರದ ಮೀನ ಏನ್ರಿ?”

“ಹೌದ್ರಿ ಸರ್, ಭಾಳ ಆಳದ್ದು,” ಎಂದರು ಹೆಡ್‌ಮಾಸ್ತರರು, ತಾವೇ ಮುಳುಗಿ ಹಿಡಿದು ತಂದವರ ಹಾಗೆ.

“ಅಲ್ರಿ ಸರ್,” ಎಂದಳು ಹುಡುಗಿ. “ಇದು ಮ್ಯಾಲ ತಿರುಗೋ ಮೀನ. ಬೆನ್ನ ನೋಡ್ರಿ, ಹೆಂಗ ಹಸರ ಪಟ್ಟಿ ಅದಾವ. ಬೆಳಕ ಇಲ್ದಲ್ಲಿ ಇಷ್ಟು ಬಣ್ಣ ಯಾರಿಗೆ ತೋರಿಸ್ಬೇಕ್ರಿ?”

ಸಾಹೇಬರು ನಕ್ಕರು. ಹೆಡ್‌ಮಾಸ್ತರರೂ ಅನಿವಾರ್ಯವಾಗಿ ನಕ್ಕರು. ಫೋಟೊದಲ್ಲಿ ಸಾಹೇಬರು, ಹೆಡ್‌ಮಾಸ್ತರರು, ನಾನು ಚೆನ್ನಾಗಿ ಬಂದೆವು. ಹುಡುಗಿಯದು ತಟ್ಟೆ ಹಿಡಿದ ಕೈ ಮಾತ್ರ ಬಂತು. ವರದಿಯಲ್ಲಿ ‘ಆಳ ಸಮುದ್ರದ ಜೀವಂತ ಮೀನಿನ ಪ್ರದರ್ಶನ’ ಎಂದು ಬರೆಯಲಾಯಿತು. ಬರ್ಫದಲ್ಲಿ ಸತ್ತು ಬಂದಿದ್ದ ಬಂಗುಡೆಗೆ ಇಲಾಖೆ ಜೀವ ಕೊಟ್ಟಿತು.

ಸಂಜೆ ಬಸ್ ಬಿಟ್ಟು ಮತ್ತೆ ಮೀನಂಗಡಿಗೆ ಹೋದೆ. ಮೂಗಿಗೆ ಸೆರಗು ಹಿಡಿಯಬಾರದೆಂದು ದಾರಿಯಲ್ಲೇ ನಿಶ್ಚಯಿಸಿದ್ದೆ, ಕಷ್ಟವಾಯಿತು.

“ನಿಮ್ಮ ಮಗಳು ಇವತ್ತ ನನ್ನಕಿಂತ ಚಲೋ ಪಾಠ ಮಾಡಿದ್ಳ್ರಿ,” ಎಂದೆ.

ಆಕೆ ಚೂರಿ ಕೆಳಗಿಟ್ಟಳು. “ಆಕಿ ಮಾತಾಡಿದ್ಳೇನ್ರಿ? ಎಲ್ಲಾರ ಮುಂದ?”

“ಸಾಹೇಬ್ರ ಮುಂದನ ಹೆಡ್‌ಮಾಸ್ತರ್ರ ತಪ್ಪು ತಿದ್ದಿದ್ಳ್ರಿ.”

ಆಕೆ ಪಕ್ಕದಂಗಡಿಯವನ ಕಡೆ ತಿರುಗಿ ಉರ್ದುವಿನಲ್ಲಿ ಜೋರಾಗಿ ಏನೋ ಹೇಳತೊಡಗಿದಳು. ನನಗೆ ತಿಳಿದದ್ದು ‘ಮೇರಿ ಬೇಟಿ’, ‘ನನ್ನ ಮಗಳು’ ಎನ್ನುವುದೊಂದೇ. ಅದನ್ನು ಆಕೆ ಮೂರು ಸಲ ಹೇಳಿದಳು.